ಹಳೆಯ ಸ್ಮಶಾನದ ಕಲ್ಲುಗಳನ್ನು ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಊರೊಂದರ ಹಳೆಯ ಸ್ಮಶಾನಕ್ಕೆ ಮೊದಲ ಸಲ ಹೋದವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಎಲ್ಲಕ್ಕಿಂತ ಹಳೆಯ ಇಸವಿ ಎಲ್ಲಿದೆ ಎಂದು ಹುಡುಕುತ್ತಾರೆ, ಎಲ್ಲಕ್ಕಿಂತ ದೊಡ್ಡ ಗೋರಿಯ ಫೋಟೊ ತೆಗೆದುಕೊಳ್ಳುತ್ತಾರೆ. ಉಳಿದ ಕಲ್ಲುಗಳು ಹಾಗೇ ನಿಂತಿರುತ್ತವೆ. ಆ ಉಳಿದ ಕಲ್ಲುಗಳ ಮುಂದೆ ಮಂಡಿಯೂರಿ ಕೂರುವ ಅಭ್ಯಾಸ ನನ್ನದು. ಜೊತೆಗೆ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಮಾತು ಯೂರೋಪ್ ಮತ್ತು ಅಮೆರಿಕದ ಸ್ಮಶಾನಗಳದ್ದು, ಆ ರೂಢಿ ಹರಡಿದ ಕಡೆಗಳದ್ದು. ಕಲ್ಲು ಸವೆಯುವ ರೀತಿ ಮಾತ್ರ ಎಲ್ಲಿ ಹೋದರೂ ಒಂದೇ.

ಅತಿ ಹಳೆಯ ಕಲ್ಲಿನ ಇಸವಿ ನೋಡಿದರೆ ಸ್ಮಶಾನದ ವಯಸ್ಸು ಗೊತ್ತಾಗುವುದಿಲ್ಲವೇ?

ಅಂದಾಜು ಸಿಗುತ್ತದೆ, ಆದರೆ ಆ ಇಸವಿ ಎರಡೂ ಕಡೆಗೆ ದಾರಿ ತಪ್ಪಿಸಬಲ್ಲದು. ಹೊಸದಾಗಿ ಬಂದು ನೆಲೆಸಿದವರ ಕೈಯಲ್ಲಿ ಕಲ್ಲು ಕೆತ್ತಿಸುವಷ್ಟು ದುಡ್ಡಿರಲಿಲ್ಲ. ಎಷ್ಟೋ ಕಡೆ ಕೆತ್ತುವ ಕಲ್ಲುಕುಟಿಗನೇ ಇರಲಿಲ್ಲ. ಮರದ ಹಲಗೆ ನೆಟ್ಟರು, ಇಲ್ಲವೇ ಹೊಲದಲ್ಲಿ ಸಿಕ್ಕ ಗುಂಡುಕಲ್ಲು ತಂದಿಟ್ಟರು. ಹಲಗೆ ಕೊಳೆತುಹೋಯಿತು, ಗುಂಡುಕಲ್ಲು ನೆಲದೊಳಗೆ ಇಳಿಯಿತು. ಹೀಗಾಗಿ ಸ್ಮಶಾನ ತನ್ನ ಅತಿ ಹಳೆಯ ಬರಹಕ್ಕಿಂತ ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಕಡೆ, ಕಲ್ಲಿನ ಮೇಲಿರುವುದು ಸತ್ತ ವರ್ಷ, ನೆಟ್ಟ ವರ್ಷವಲ್ಲ. ಮೊಮ್ಮಕ್ಕಳ ಕಾಲಕ್ಕೆ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮುತ್ತಜ್ಜನ ಹೆಸರಿನಲ್ಲಿ ಕಲ್ಲು ಹಾಕಿಸಿದವರು ಬಹಳ ಮಂದಿ. ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಮೇಲೆ 1790 ಎಂದಿದ್ದರೆ ಆ ಕಲ್ಲು ಸತ್ತವನಿಗಿಂತ ಸುಮಾರು ನೂರು ವರ್ಷ ಚಿಕ್ಕದು ಎಂದು ಧೈರ್ಯವಾಗಿ ಹೇಳಬಹುದು. ಹೊಲದಂಚಿನ ಕುಟುಂಬದ ಗೋರಿಗಳನ್ನು ಅಗೆದು, ಕಲ್ಲಿನ ಸಮೇತ ಊರ ಸ್ಮಶಾನಕ್ಕೆ ತಂದದ್ದೂ ಉಂಟು. ಆಗ ಕಲ್ಲು ಸ್ಮಶಾನಕ್ಕಿಂತ ಹಳೆಯದಾಗುತ್ತದೆ. ಖಚಿತ ಉತ್ತರ ಬೇಕಿದ್ದರೆ ಜಮೀನಿನ ಕ್ರಯಪತ್ರ, ಚರ್ಚಿನ ರಿಜಿಸ್ಟರ್, ಪುರಸಭೆಯ ನಡಾವಳಿ ಪುಸ್ತಕ ತೆಗೆಯಬೇಕು.

ಕೆಲವು ಸ್ಮಶಾನ ಚರ್ಚಿನ ಅಂಗಳದಲ್ಲಿ, ಕೆಲವು ಊರ ಹೊರಗೆ. ಹೀಗೇಕೆ?

ಕಾಲದ ವ್ಯತ್ಯಾಸ. ಯೂರೋಪಿನಲ್ಲಿ ನೂರಾರು ವರ್ಷ ಚರ್ಚಿನ ಸುತ್ತಲೇ ಹೂಳುತ್ತಿದ್ದರು. ಹೊಸ ಹೆಣಕ್ಕೆ ಜಾಗ ಬೇಕಾದಾಗ ಹಳೆಯ ಮೂಳೆ ತೆಗೆದು ಒಂದೆಡೆ ಪೇರಿಸುತ್ತಿದ್ದರು. ಪ್ಯಾರಿಸ್ಸಿನ ಇನ್ನೊಸಾಂ ಸ್ಮಶಾನ ಎಷ್ಟು ತುಂಬಿಹೋಗಿತ್ತೆಂದರೆ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆಯೇ ಅದರ ಭಾರಕ್ಕೆ ಕುಸಿಯಿತು. 1780ರಲ್ಲಿ ಅದನ್ನು ಮುಚ್ಚಿದರು. ಮುಂದೆ ಮೂಳೆಗಳನ್ನು ರಾತ್ರಿ ಹೊತ್ತು ಗಾಡಿಗಳಲ್ಲಿ ಹೇರಿ ನಗರದ ಕೆಳಗಿದ್ದ ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದರು. 1804ರಲ್ಲಿ ಅಂದಿನ ಪ್ಯಾರಿಸ್ಸಿನ ಹೊರಗೆ ಪೇರ್ ಲಷೇಸ್ ಎಂಬ ಹೊಸ ಸ್ಮಶಾನ ತೆರೆಯಿತು. ಅಮೆರಿಕದಲ್ಲಿ ಬಾಸ್ಟನ್ ಬಳಿಯ ಮೌಂಟ್ ಆಬರ್ನ್ 1831ರಲ್ಲಿ, ಲಂಡನ್ನಿನ ಕೆನ್ಸಲ್ ಗ್ರೀನ್ 1833ರಲ್ಲಿ ಬಂದವು. ಮರ, ಗುಡ್ಡ, ತಿರುವು ದಾರಿಗಳ ಈ ಸ್ಮಶಾನಗಳಿಗೆ ಜನ ಭಾನುವಾರ ಹವಾ ತೆಗೆದುಕೊಳ್ಳಲು ಬರುತ್ತಿದ್ದರು. ಸಾರ್ವಜನಿಕ ಉದ್ಯಾನಗಳು ಇನ್ನೂ ಅಪರೂಪವಾಗಿದ್ದ ಕಾಲ ಅದು.

ಸಣ್ಣ ಊರುಗಳು ಇದನ್ನೇ ಚಿಕ್ಕದಾಗಿ ಅನುಸರಿಸಿದವು. ಗೇಟಿನಿಂದ ಬಳುಕುತ್ತ ಹೋಗುವ ದಾರಿ, ಅಕ್ಕಪಕ್ಕ ಉದ್ದೇಶಪೂರ್ವಕವಾಗಿ ನೆಟ್ಟ ಮರಗಳು ಕಂಡರೆ 1831ರ ನಂತರದ ಕಲ್ಪನೆ ಎಂದು ತಿಳಿಯಿರಿ. ಒತ್ತೊತ್ತಾಗಿ, ಭುಜಕ್ಕೆ ಭುಜ ತಾಗಿಸಿ ನಿಂತ ಕಲ್ಲುಗಳಿದ್ದರೆ ಅದಕ್ಕಿಂತ ಹಿಂದಿನದು.

ಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಏಕೆ?

ಕ್ರೈಸ್ತ ರೂಢಿಯಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಪುನರುತ್ಥಾನದ ದಿನ ಎದ್ದು ಕುಳಿತಾಗ ಮುಖ ಸೂರ್ಯೋದಯದ ಕಡೆ ಇರಲಿ ಎಂಬ ನಂಬಿಕೆ. ತಲೆಯ ಬಳಿಯ ದೊಡ್ಡ ಕಲ್ಲಿನ ಎದುರು, ಐದಾರು ಅಡಿ ದೂರದಲ್ಲಿ, ಬರೀ ಹೆಸರಿನ ಮೊದಲಕ್ಷರಗಳಿರುವ ಪುಟ್ಟ ಕಲ್ಲೊಂದು ಇದ್ದರೆ ಅದು ಅದೇ ಗೋರಿಯ ಕಾಲ್ಗಲ್ಲು. ಅದನ್ನು ಮಗುವಿನ ಗೋರಿ ಎಂದು ಎಣಿಸಬೇಡಿ, ಈ ತಪ್ಪು ಬಹಳ ಆಗುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡ ಎಂದು ಎಷ್ಟೋ ಕಡೆ ಕಾಲ್ಗಲ್ಲುಗಳನ್ನು ಕಿತ್ತು ತಲೆಗಲ್ಲಿಗೆ ಒರಗಿಸಿಟ್ಟಿದ್ದಾರೆ. ಕಿತ್ತ ಕೂಡಲೆ ಗೋರಿಯ ಉದ್ದ ಎಷ್ಟಿತ್ತು ಎಂಬ ಗುರುತೇ ಹೋಯಿತು.

ಬರಹ ಓದಲಾಗದಿದ್ದರೆ, ಕಲ್ಲಿನ ಜಾತಿ ನೋಡಿ ಕಾಲ ಹೇಳಬಹುದೇ?

ಒಂದು ಮಟ್ಟಿಗೆ ಹೇಳಬಹುದು. ನಾನು ಅಕ್ಷರಕ್ಕಿಂತ ಮೊದಲು ನೋಡುವುದೇ ಕಲ್ಲನ್ನು.

ತೆಳ್ಳಗೆ, ಕಪ್ಪು-ಬೂದು ಬಣ್ಣದಲ್ಲಿ, ಉಗುರಿನಿಂದ ಗೀಚಬಹುದೇನೋ ಎಂಬಷ್ಟು ನಯವಾಗಿರುವುದು ಸ್ಲೇಟ್. ಕೆಸರು ಲಕ್ಷಾಂತರ ವರ್ಷ ಒತ್ತಡ, ಕಾವು ತಿಂದು ಆದ ಕಲ್ಲು. ನೀರು ಅದರೊಳಗೆ ಸುಲಭವಾಗಿ ಇಳಿಯದು. ಅದಕ್ಕೇ 1700ರ ಆಸುಪಾಸಿನ ಸ್ಲೇಟ್ ಕಲ್ಲಿನಲ್ಲಿ ಉಳಿಯ ತುದಿ ತಿರುಗಿದ ಜಾಗ, ಸಾಲು ನೇರವಾಗಿರಲಿ ಎಂದು ಕೆತ್ತುವವನು ಎಳೆದುಕೊಂಡ ಸಣ್ಣ ಗೆರೆ ಕೂಡ ಇವತ್ತಿಗೂ ಕಾಣುತ್ತದೆ. ಆ ಗೆರೆಯ ಮೇಲೆ ಅಕ್ಷರ ಹಿಡಿಸದೆ, ಕೊನೆಯ ಎರಡಕ್ಷರವನ್ನು ಮೇಲಕ್ಕೆ ಚಿಕ್ಕದಾಗಿ ತುರುಕಿದ್ದನ್ನು ನೋಡಿದಾಗ ಮುನ್ನೂರು ವರ್ಷದ ಹಿಂದಿನ ಕೈಯೊಂದು ಕಣ್ಣೆದುರು ಬಂದು ನಿಲ್ಲುತ್ತದೆ.

ಮರಳುಗಲ್ಲು ಕೆಂಪು-ಕಂದು. ಉಳಿಗೆ ಮೆತ್ತಗೆ ಬಗ್ಗುತ್ತದೆ, ಆದರೆ ಅದು ಪದರ ಪದರವಾಗಿ ಕೂತ ಕಲ್ಲು. ಪದರಗಳು ಮುಖಕ್ಕೆ ಸಮಾನಾಂತರವಾಗಿ ಬರುವಂತೆ ನಿಲ್ಲಿಸಿದ್ದರೆ ನೀರು ಸಂದಿಗೆ ಇಳಿದು, ಹೆಪ್ಪುಗಟ್ಟಿ ಉಬ್ಬಿ, ಇಡೀ ಮುಖವೇ ಹಪ್ಪಳದಂತೆ ಕಳಚಿ ಬೀಳುತ್ತದೆ. ಹೆಸರೂ ಅದರ ಜೊತೆಗೇ ಹೋಗುತ್ತದೆ.

ಬಿಳಿ ಅಮೃತಶಿಲೆ ಹತ್ತೊಂಬತ್ತನೆಯ ಶತಮಾನದ ಕಲ್ಲು. ಹಾಕಿದಾಗ ಹಾಲಿನ ಹಾಗಿತ್ತು. ಆದರೆ ಅದು ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲಕ್ಕೆ ಕರಗುವ ವಸ್ತು. ಶುದ್ಧ ಮಳೆನೀರೇ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸುಮಾರು 5.6 ಪಿಎಚ್‌ನಷ್ಟು ಹುಳಿಯಾಗಿರುತ್ತದೆ. ಕಲ್ಲಿದ್ದಲ ಹೊಗೆಯ ಗಂಧಕ ಸೇರಿದರೆ ಕೇಳುವುದೇ ಬೇಡ, ಕಲ್ಲಿನ ಮೈ ಜಿಪ್ಸಂ ಆಗಿ ಕಪ್ಪು ಹಕ್ಕಳೆ ಕಟ್ಟುತ್ತದೆ. ಇಂಥ ಕಲ್ಲನ್ನು ಮುಟ್ಟಿದರೆ ಬೆರಳಿಗೆ ಸಕ್ಕರೆಯಂತೆ ಹರಳು ಅಂಟುತ್ತದೆ. ಆ ಹರಳೇ ಅಕ್ಷರ. ಸೀಸದ ಅಕ್ಷರ ಕೂರಿಸಿದ ಅಮೃತಶಿಲೆಯಲ್ಲಿ ಈ ಸವೆತವನ್ನು ಅಳೆಯಲೂ ಬಹುದು. ಮೊದಲು ಕಲ್ಲಿನ ಮಟ್ಟಕ್ಕೇ ಇದ್ದ ಸೀಸ ಈಗ ಹೊರಗೆ ಚಾಚಿಕೊಂಡಿದ್ದರೆ, ಎಷ್ಟು ಚಾಚಿದೆಯೋ ಅಷ್ಟು ಕಲ್ಲು ಮಳೆಗೆ ಕರಗಿದೆ. ಭೂವಿಜ್ಞಾನಿಗಳು ಗಾಳಿಯ ಮಾಲಿನ್ಯದ ಇತಿಹಾಸವನ್ನು ಹೀಗೆ ಅಳೆದಿದ್ದಾರೆ.

ಗ್ರಾನೈಟ್ ಕೊನೆಗೆ ಬಂತು. ಕೈಯುಳಿಗೆ ಜಗ್ಗದ ಆ ಕಲ್ಲು ಉಗಿಯಂತ್ರದ ಪಾಲಿಶು, ಗಾಳಿಯೊತ್ತಡದ ಉಳಿ ಬಂದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸ್ಮಶಾನಗಳನ್ನು ತುಂಬಿತು. ಅದರ ಬೆಲೆಯನ್ನು ಕೆತ್ತಿದವರು ತೆತ್ತರು. ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಊರು ಗ್ರಾನೈಟಿಗೆ ಹೆಸರುವಾಸಿ. ಗಾಳಿಯುಳಿ ಎಬ್ಬಿಸಿದ ನುಣುಪು ಧೂಳು ಅಲ್ಲಿನ ಕಲ್ಲುಕುಟಿಗರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತಂದಿತು. ಧೂಳು ಹೀರುವ ಯಂತ್ರಗಳು 1930ರ ದಶಕದಲ್ಲಿ ಬರುವ ಹೊತ್ತಿಗೆ ಬಹಳ ಜನ ಹೋಗಿಯಾಗಿತ್ತು. ಅಲ್ಲಿನ ಹೋಪ್ ಸ್ಮಶಾನ 1895ರದ್ದು. ಊರ ಗಣಿಯ ಬೂದು ಗ್ರಾನೈಟಿನಲ್ಲೇ ಮಾಡಿದ ಅಲ್ಲಿನ ಗೋರಿಗಳಲ್ಲಿ ಕೆತ್ತುವವರ ಗೋರಿಗಳೂ ಸಾಕಷ್ಟಿವೆ. ಹೊಳೆಯುವ ಗ್ರಾನೈಟ್ ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನೀಲಿ ಛಾಯೆಯ ಬೂದು ಗೋರಿಯೊಂದಿದೆ. ಹೊಸದರಂತೆ ಕಾಣುತ್ತದೆ, ಇಸವಿ ಮಾತ್ರ 1880ರದ್ದು. ಯಾವ ಕಲ್ಲು?

ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಕಲ್ಲೇ ಅಲ್ಲ, ಸತುವಿನ ಎರಕ. ಅಮೆರಿಕದ ಕನೆಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನಲ್ಲಿದ್ದ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ 1870ರ ದಶಕದಿಂದ ಮೊದಲ ಮಹಾಯುದ್ಧದ ಕಾಲದವರೆಗೆ ಇವನ್ನು ‘ಬಿಳಿ ಕಂಚು’ ಎಂಬ ಹೆಸರಿನಲ್ಲಿ ಮಾರಿತು. ಅಕ್ಷರ ನಿನ್ನೆ ಬರೆದಂತೆ ಉಳಿಯುತ್ತದೆ. ಆದರೆ ಸತು ಪೆಡಸು, ಬುಡ ತನ್ನ ಭಾರಕ್ಕೇ ಕುಗ್ಗಿ ಬಿರುಕು ಬಿಡುತ್ತದೆ. ಒರಗಿ ಫೋಟೊ ತೆಗೆಸಿಕೊಳ್ಳಬೇಡಿ.

ತಲೆಬುರುಡೆ, ಕುರಿಮರಿ, ಮುರಿದ ಕಂಬ, ಕೈಕುಲುಕುವ ಚಿತ್ರ: ಇವುಗಳ ಅರ್ಥವೇನು?

ರೆಕ್ಕೆಯಿರುವ ತಲೆಬುರುಡೆ ಕಂಡು ಹೆದರಬೇಡಿ. ಸಾವು ಎಲ್ಲರಿಗೂ ಬರುತ್ತದೆ, ಆತ್ಮ ಹಾರಿಹೋಗುತ್ತದೆ ಎಂಬುದನ್ನು ಹದಿನೇಳನೆಯ ಶತಮಾನದವರು ಹೇಳಿದ ರೀತಿ ಅದು. 1960ರ ದಶಕದಲ್ಲಿ ಜೇಮ್ಸ್ ಡೀಟ್ಜ್ ಮತ್ತು ಎಡ್ವಿನ್ ಡೆತ್ಲೆಫ್ಸನ್ ಎಂಬ ಸಂಶೋಧಕರು ಮ್ಯಾಸಚೂಸೆಟ್ಸ್‌ನ ಹಳೆಯ ಸ್ಮಶಾನಗಳಲ್ಲಿ ಇಂಥ ಚಿತ್ರಗಳನ್ನು ಇಸವಿಯ ಪ್ರಕಾರ ಎಣಿಸಿ ನೋಡಿದರು. ಮೊದಲು ಬುರುಡೆ, ಹದಿನೆಂಟನೆಯ ಶತಮಾನ ಸಾಗುತ್ತ ಬುರುಡೆಯ ಜಾಗದಲ್ಲಿ ರೆಕ್ಕೆಯ ಮಗುಮುಖ, ಶತಮಾನ ಮುಗಿಯುವ ಹೊತ್ತಿಗೆ ಬಾಗಿದ ವಿಲೋ ಮರ ಮತ್ತು ಚಿತಾಭಸ್ಮದ ಕಲಶ. ಬದಲಾವಣೆ ಊರಿಂದೂರಿಗೆ ಬೇರೆ ಬೇರೆ ವೇಗದಲ್ಲಿ ಹರಡಿತ್ತು. ಸಾವನ್ನು ನೋಡುವ ಕಣ್ಣೇ ಬದಲಾದದ್ದನ್ನು ಅವರು ಕಲ್ಲೆಣಿಸಿ ತೋರಿಸಿದರು. ನಿಮ್ಮೆದುರಿನ ಸ್ಮಶಾನದಲ್ಲೂ ಹೀಗೆ ಎಣಿಸಬಹುದು. ಒಂದು ನೋಟ್‌ಪುಸ್ತಕ, ಒಂದು ಮಧ್ಯಾಹ್ನ ಸಾಕು.

ಕುರಿಮರಿ ಮಗುವಿನದು. ಮುರಿದ ಕಂಬ, ಅರ್ಧಕ್ಕೇ ಕಡಿದುಹೋದ ಆಯುಸ್ಸು. ಮರಳುಗಡಿಯಾರಕ್ಕೆ ವಿವರಣೆ ಬೇಡ. ಲಂಗರು ಭರವಸೆಯ ಗುರುತು, ಅದನ್ನು ಕಂಡ ಕೂಡಲೆ ನಾವಿಕ ಎಂದು ತೀರ್ಮಾನಿಸಬೇಡಿ. ಕೈಕುಲುಕುವ ಚಿತ್ರದಲ್ಲಿ ತೋಳಿನ ತುದಿ ನೋಡಿ. ಒಂದು ಕೈಗೆ ಲೇಸು ಅಥವಾ ನೆರಿಗೆ, ಇನ್ನೊಂದಕ್ಕೆ ಸಾದಾ ಅಂಗಿಯ ತುದಿ ಇದ್ದರೆ ಅದು ಗಂಡ-ಹೆಂಡತಿ. ಮೊದಲು ಹೋದವರು ಉಳಿದವರಿಗೆ ವಿದಾಯ ಹೇಳುತ್ತಿದ್ದಾರೆ, ಇಲ್ಲವೇ ಆಚೆ ಕಡೆ ಬರಮಾಡಿಕೊಳ್ಳುತ್ತಿದ್ದಾರೆ. ಎರಡರಲ್ಲಿ ಯಾವುದೆಂದು ಕಲ್ಲು ಹೇಳುವುದಿಲ್ಲ. ಮೂಲೆಮಟ್ಟ ಮತ್ತು ಕೈವಾರ ಜೋಡಿಸಿದ ಗುರುತು ಫ್ರೀಮೇಸನ್ ಸಂಘದ್ದು, ಮೂರು ಕೊಂಡಿಯ ಸರಪಳಿ ಆಡ್ ಫೆಲೋಸ್ ಸಂಘದ್ದು. ಐಎಚ್‌ಎಸ್ ಎಂಬ ಮೂರಕ್ಷರ ಗ್ರೀಕ್ ಲಿಪಿಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರಗಳಿಂದ ಬಂದದ್ದು.

ಯಹೂದಿ ಗೋರಿಗಳ ನೆತ್ತಿಯಲ್ಲಿ ಪೇ, ನೂನ್ ಎಂಬ ಎರಡು ಹೀಬ್ರೂ ಅಕ್ಷರ ಇರುತ್ತವೆ: ‘ಇಲ್ಲಿ ಹೂಳಲಾಗಿದೆ’. ಹರಸುವಂತೆ ಹರಡಿದ ಎರಡು ಕೈ ಪುರೋಹಿತ ಮನೆತನದ ಗುರುತು, ನೀರಿನ ಹೂಜಿ ಪುರೋಹಿತರಿಗೆ ನೆರವಾಗುತ್ತಿದ್ದ ಲೇವಿ ಕುಲದವರದ್ದು. ಕಲ್ಲಿನ ಮೇಲೆ ಸಾಲಾಗಿ ಬೆಣಚುಕಲ್ಲುಗಳಿದ್ದರೆ ಯಾರೋ ಬಂದು ಹೋಗಿದ್ದಾರೆ. ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಅವನ್ನು ತಳ್ಳಿಬಿಡಬೇಡಿ.

ಇಸವಿ 1731/2 ಎಂದಿದೆ. ಕೆತ್ತುವವನಿಗೆ ಗೊತ್ತಿರಲಿಲ್ಲವೇ?

ಚೆನ್ನಾಗಿ ಗೊತ್ತಿತ್ತು. 1752ಕ್ಕಿಂತ ಮುಂಚೆ ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಕಾನೂನಿನ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳಿಗೆ ಎರಡೂ ಇಸವಿ ಬರೆಯುತ್ತಿದ್ದರು. 1752ರಲ್ಲಿ ಪಂಚಾಂಗ ಬದಲಾಗಿ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಬಂತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731/2ರ ಫೆಬ್ರುವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರುವರಿ 22. ನಕಲು ಮಾಡುವಾಗ ಕಲ್ಲಿನಲ್ಲಿ ಇದ್ದ ಹಾಗೇ ಬರೆದುಕೊಳ್ಳಿ, ‘ಸರಿ’ ಮಾಡಲು ಹೋಗಬೇಡಿ.

‘32 ವರ್ಷ 5 ತಿಂಗಳು 20 ದಿನ’ ಎಂದು ಬರೆದಿದೆ. ಹುಟ್ಟಿದ ದಿನ ತೆಗೆಯುವುದು ಹೇಗೆ?

ಹಿಂದಕ್ಕೆ ಎಣಿಸಿ. ಸತ್ತದ್ದು 1854ರ ಮಾರ್ಚ್ 10 ಎಂದಿಟ್ಟುಕೊಳ್ಳಿ. 32 ವರ್ಷ ಹಿಂದೆ ಹೋದರೆ 1822ರ ಮಾರ್ಚ್ 10. ಅಲ್ಲಿಂದ 5 ತಿಂಗಳು ಹಿಂದೆ, 1821ರ ಅಕ್ಟೋಬರ್ 10. ಇನ್ನೂ 20 ದಿನ ಹಿಂದೆ, 1821ರ ಸೆಪ್ಟೆಂಬರ್ 20. ಒಂದೆರಡು ದಿನ ಹೆಚ್ಚುಕಡಿಮೆ ಇಟ್ಟುಕೊಳ್ಳಿ, ಏಕೆಂದರೆ ಮನೆಯವರು ತಿಂಗಳನ್ನು ಹೇಗೆ ಎಣಿಸಿದರೋ ಗೊತ್ತಾಗದು. ಇನ್ನೊಂದು ಎಚ್ಚರ: ‘32ನೆಯ ವರ್ಷದಲ್ಲಿ’ ಎಂದಿದ್ದರೆ ವಯಸ್ಸು 31.

ಹೆಂಗಸರ ಕಲ್ಲುಗಳಲ್ಲಿ ‘ಕಾನ್ಸರ್ಟ್’, ‘ರೆಲಿಕ್ಟ್’ ಎಂಬ ಪದಗಳಿವೆ. ವ್ಯತ್ಯಾಸವೇನು?

ಹಳೆಯ ಇಂಗ್ಲಿಷ್ ಕಲ್ಲುಗಳಲ್ಲಿ ಕಾನ್ಸರ್ಟ್ ಎಂದರೆ ಸಾಮಾನ್ಯವಾಗಿ ಗಂಡ ಬದುಕಿರುವಾಗ ತೀರಿಕೊಂಡವಳು, ರೆಲಿಕ್ಟ್ ಎಂದರೆ ವಿಧವೆ. ಒಂದು ಪದದಿಂದ ಯಾರು ಮೊದಲು ಹೋದರೆಂದು ತಿಳಿಯುತ್ತದೆ. ಹುಟ್ಟಿದ ಮನೆಯ ಹೆಸರು ಮಾತ್ರ ಬಹುಪಾಲು ಕಲ್ಲುಗಳಲ್ಲಿ ಇರುವುದೇ ಇಲ್ಲ. ಅದನ್ನು ಅಕ್ಕಪಕ್ಕದ ಗೋರಿಗಳಲ್ಲಿ ಹುಡುಕಬೇಕು. ಬೇರೆ ಮನೆತನದ ಮುದುಕ ಮುದುಕಿಯ ಗೋರಿ ಅದೇ ಬೇಲಿಯೊಳಗೆ ಇದ್ದರೆ ಅವರು ಅವಳ ಅಪ್ಪ-ಅಮ್ಮ ಆಗಿರುವುದು ಹೆಚ್ಚು.

ಪುಟ್ಟ ಪುಟ್ಟ ಕಲ್ಲುಗಳ ಸಾಲು ಯಾರದು?

ಮಕ್ಕಳದು. ನೆಲದಿಂದ ಒಂದು ಗೇಣು ಎದ್ದ ಬಿಳಿ ಕಲ್ಲುಗಳು, ತುದಿಯಲ್ಲಿ ಮಲಗಿದ ಕುರಿಮರಿ. ಮಳೆ ಎಲ್ಲಕ್ಕಿಂತ ಮೊದಲು ಸವೆಸುವುದು ಕುರಿಮರಿಯ ಕಿವಿಯನ್ನು, ಆಮೇಲೆ ಮುಖವನ್ನು. ಕೊನೆಗೆ ಉಳಿಯುವುದು ಬೆನ್ನಿನ ಗುಂಡನೆಯ ಏರು ಮಾತ್ರ. ಬೆರಳು ಆಡಿಸಿದರೆ ಅದು ಕುರಿಮರಿ ಎಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಹೆಸರಿನ ಜಾಗದಲ್ಲಿ ‘ನಮ್ಮ ಮಗು’ ಎಂದಷ್ಟೇ ಇರುವುದೂ ಉಂಟು, ಹೆಸರಿಡುವ ಮೊದಲೇ ಹೋದ ಕೂಸು.

ಇಲ್ಲಿ ತಾರೀಖುಗಳನ್ನು ನಿಧಾನವಾಗಿ ಓದಿ. ಒಂದೇ ಮನೆಯ ಮೂವರು ನಾಲ್ವರು ಮಕ್ಕಳು ಎರಡು ವಾರದೊಳಗೆ ಹೋಗಿದ್ದರೆ ಸಾಂಕ್ರಾಮಿಕ ರೋಗವೊಂದು ಆ ಮನೆ ಹೊಕ್ಕಿತ್ತು ಎಂದೇ ಅರ್ಥ. ಗಂಟಲಮಾರಿ, ಸ್ಕಾರ್ಲೆಟ್ ಜ್ವರ, ದಡಾರ ಆ ಕಾಲದ ದೊಡ್ಡ ಶತ್ರುಗಳು. ಗಂಟಲಮಾರಿಗೆ ಪ್ರತಿವಿಷ ಬಂದದ್ದು 1890ರ ದಶಕದಲ್ಲಿ. ಅದಕ್ಕಾಗಿ ಎಮಿಲ್ ಫಾನ್ ಬೇರಿಂಗ್ ಅವರಿಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಸಿಕ್ಕಿತು. ಆದರೆ ಕಲ್ಲಿನ ಮೇಲೆ ರೋಗದ ಹೆಸರಿಲ್ಲದೆ ಇಂಥದ್ದೇ ರೋಗ ಎಂದು ಬರೆದುಬಿಡಬಾರದು, ಆ ವರ್ಷದ ಪತ್ರಿಕೆ ಮತ್ತು ಮರಣದ ರಿಜಿಸ್ಟರ್ ನೋಡಿಯೇ ಹೇಳಬೇಕು. 1918ರ ಇನ್‌ಫ್ಲುಯೆನ್ಸಾ ಬೇರೆ ರೀತಿ ಕಾಣುತ್ತದೆ. ಅದು ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಕೊಂಡೊಯ್ದಿತು. ಆ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳ ಕಲ್ಲುಗಳಲ್ಲಿ ಎಳೆಯ ಗಂಡ-ಹೆಂಡತಿ ಒಂದೇ ವಾರದಲ್ಲಿ ಹೋದದ್ದನ್ನು ಓದುವಾಗ ಕರುಳು ಚುರುಕ್ಕೆನ್ನುತ್ತದೆ. ಅವರ ಮಕ್ಕಳು ಯಾರ ಮನೆಯಲ್ಲಿ ಬೆಳೆದರು ಎಂಬುದು ಯಾವ ಕಲ್ಲಿನಲ್ಲೂ ಇರುವುದಿಲ್ಲ.

ಮೂಲೆಯಲ್ಲಿ ಬರೀ ಹುಲ್ಲಿದೆ. ಅಲ್ಲಿ ಯಾರನ್ನೂ ಹೂಳಿಲ್ಲ ತಾನೆ?

ಹಾಗೆ ತಿಳಿಯಲೇಬೇಡಿ. ಬಡವರು, ಗುಲಾಮರು, ದಾರಿಹೋಕರು, ಅನಾಥಾಲಯದ ಮಕ್ಕಳು, ಚರ್ಚು ಒಪ್ಪದೆ ಹೋದ ಸಾವುಗಳು, ಇವರೆಲ್ಲರ ಪಾಲಿಗೆ ಬಂದದ್ದು ಬೇಲಿಯ ಅಂಚು. ಇಳಿಬಿಸಿಲಿನಲ್ಲಿ ನೆಲದ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಉದ್ದಕ್ಕೆ ತಗ್ಗಾದ ಆಯತಗಳು ನೆರಳಾಗಿ ಕಾಣುತ್ತವೆ. ಮರದ ಪೆಟ್ಟಿಗೆ ಕುಸಿದಾಗ ಮೇಲಿನ ಮಣ್ಣು ಇಳಿದು ಆದ ತಗ್ಗುಗಳವು. ಕೆತ್ತನೆಯಿಲ್ಲದ ಕಾಡುಕಲ್ಲುಗಳು ಸಮಾನ ಅಂತರದಲ್ಲಿ ಜೋಡಿ ಜೋಡಿಯಾಗಿ ನಿಂತಿದ್ದರೆ ಅವು ತಾವಾಗಿ ಅಲ್ಲಿಗೆ ಬಂದವಲ್ಲ. ಯಾರೂ ನೆಡದೆ ಬಾರದ ಬಳ್ಳಿ, ಹೂಗೆಡ್ಡೆಗಳೂ ಗುರುತೇ. ನೆಲದೊಳಗೆ ರೇಡಾರ್ ತರಂಗ ಬಿಟ್ಟು ಮಣ್ಣು ಕದಡಿದ ಜಾಗ ಪತ್ತೆಹಚ್ಚುವ ಯಂತ್ರವಿದೆ, ಅಗೆಯುವ ಅಗತ್ಯವಿಲ್ಲ. ತಗ್ಗು ಕಂಡಿತೆಂದು ಮಣ್ಣು ಸುರಿದು ಸಮ ಮಾಡುವ ಮುನ್ನ ಅಳತೆ ತೆಗೆದು ನಕ್ಷೆ ಮಾಡಿ. ಆ ತಗ್ಗೇ ಅವರಿಗಿರುವ ಏಕೈಕ ಗುರುತು.

ಗೋರಿ ಆರಡಿ ಆಳವೇ ಇರುತ್ತದೆಯೇ?

ಇಲ್ಲ. 1665ರ ಪ್ಲೇಗಿನಲ್ಲಿ ಲಂಡನ್ ನಗರಾಡಳಿತ ಆರಡಿಯ ಆಜ್ಞೆ ಹೊರಡಿಸಿದ್ದು ನಿಜ, ಆ ಮಾತು ಉಳಿದುಕೊಂಡಿತು. ಮಣ್ಣು, ಬಂಡೆ, ನೀರಿನ ಮಟ್ಟ, ಅಗೆಯುವವನ ಶಕ್ತಿ ನೋಡಿಕೊಂಡು ಆಳ ಬೇರೆ ಬೇರೆಯಾಗುತ್ತಿತ್ತು.

ಸವೆದ ಅಕ್ಷರಗಳನ್ನು ಓದುವ ಉಪಾಯವೇನು?

ಬೆಳಕು. ಇದೊಂದನ್ನು ಕಲಿತರೆ ಮಿಕ್ಕದ್ದೆಲ್ಲ ಸುಲಭ. ಸೂರ್ಯ ಎದುರಿಗಿದ್ದರೆ ಕಲ್ಲು ಬರಿದಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ, ಮುಖವನ್ನು ಸವರಿಕೊಂಡು ಹೋಗುವಂತೆ ಬಿದ್ದಾಗ ಕೂದಲೆಳೆಯ ತಗ್ಗಿನಲ್ಲೂ ನೆರಳು ತುಂಬುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಈ ಬೆಳಕು ಸಿಗುವುದು ನಡುಹಗಲಿನ ಆಸುಪಾಸು ಕೆಲವೇ ನಿಮಿಷ. ಕಾಯಲಾಗದಿದ್ದರೆ ಉದ್ದನೆಯ ಕನ್ನಡಿ ತನ್ನಿ. ಒಬ್ಬರು ಬಿಸಿಲಿನಲ್ಲಿ ನಿಂತು ಕನ್ನಡಿಯ ಬೆಳಕನ್ನು ಕಲ್ಲಿನ ಅಂಚಿನಿಂದ ಹಾಯಿಸಲಿ, ಇನ್ನೊಬ್ಬರು ಎದುರಿಗೆ ಕೂತು ಓದಲಿ. ಕನ್ನಡಿ ಒಂದಿಷ್ಟು ವಾಲುತ್ತದೆ, ಏನೂ ಇಲ್ಲದ ಕಡೆ ಒಂದು ಗೆರೆ ಏಳುತ್ತದೆ, ಗೆರೆ ಅಕ್ಷರವಾಗುತ್ತದೆ, ಮೂರನೆಯ ಅಕ್ಷರಕ್ಕೆ ಹೆಸರು ಊಹೆಗೆ ಬರುತ್ತದೆ. ಯಾರೋ ದೂರದಿಂದ ಕರೆದ ಹಾಗೆ ಆಗುತ್ತದೆ ಆಗ. ಮೋಡವಿದ್ದರೆ ಕೊಡೆಯೋ ಕಪ್ಪು ಬಟ್ಟೆಯೋ ಹಿಡಿದು ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಹಾಯಿಸಿದರೂ ಆದೀತು.

ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ನಾಲ್ಕೈದು ಫೋಟೊ ತೆಗೆಯಿರಿ. 3 ಮತ್ತು 8, 1 ಮತ್ತು 4, 6 ಮತ್ತು 0 ಒಂದೇ ಬೆಳಕಿನಲ್ಲಿ ಮೋಸ ಮಾಡುತ್ತವೆ.

ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಕ್ರೀಂ ಬಳಿದರೆ ಅಕ್ಷರ ಎದ್ದು ಕಾಣುತ್ತದಲ್ಲ?

ಕಾಣುತ್ತದೆ, ಮತ್ತು ಕಲ್ಲು ಕೆಡುತ್ತದೆ. ಶೇವಿಂಗ್ ಕ್ರೀಮಿನ ಆಮ್ಲ, ಎಣ್ಣೆಯಂಶ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿಯುತ್ತವೆ. ಹಿಟ್ಟು ಬೂಷ್ಟಿಗೆ ಊಟ. ಸೀಮೆಸುಣ್ಣದ ಕಣ ಮೆತ್ತಗಾದ ಮೈಯನ್ನು ಉಜ್ಜುತ್ತದೆ. ಕಾಗದ ಹೊದಿಸಿ ಮೇಣದ ಕಡ್ಡಿ ಉಜ್ಜಿ ಅಚ್ಚು ತೆಗೆಯುವುದನ್ನು ಹಲವು ಸ್ಮಶಾನಗಳು ನಿಷೇಧಿಸಿವೆ. ಒಳಗೆ ಟೊಳ್ಳಾದ ಮರಳುಗಲ್ಲು ಆ ಒತ್ತಡಕ್ಕೇ ಕಳಚಿಕೊಳ್ಳುತ್ತದೆ. ಕನ್ನಡಿ ಇರುವಾಗ ಇವುಗಳಲ್ಲಿ ಯಾವುದೂ ಬೇಡ.

ತೊಳೆಯಬಹುದೇ?

ಮೊದಲು ಸ್ಮಶಾನದ ಹೊಣೆ ಹೊತ್ತವರ ಒಪ್ಪಿಗೆ ಪಡೆಯಿರಿ. ಆಮೇಲೆ ಕಲ್ಲನ್ನು ಪರೀಕ್ಷಿಸಿ. ಹರಳು ಉದುರುತ್ತಿದ್ದರೆ, ಪದರ ಬಿಡುತ್ತಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕೈ ಹಾಕಬೇಡಿ. ಗಟ್ಟಿಯಿದ್ದರೆ ಧಾರಾಳ ಶುದ್ಧ ನೀರು, ಮೆತ್ತನೆಯ ನಾರಿನ ಬ್ರಷ್ ಸಾಕು. ಕೆಳಗಿನಿಂದ ಮೇಲಕ್ಕೆ ಹೋಗಿ, ಇಲ್ಲವಾದರೆ ಇಳಿದ ಕೊಳೆನೀರು ಒಣಮೈಯಲ್ಲಿ ಗೆರೆ ಕಟ್ಟುತ್ತದೆ. ತಂತಿಯ ಬ್ರಷ್, ಆಮ್ಲ, ನೀರನ್ನು ರಭಸದಿಂದ ಚಿಮ್ಮಿಸುವ ಯಂತ್ರ ಹತ್ತಿರ ಸುಳಿಯಬಾರದು. ಮನೆಯ ಬ್ಲೀಚು ಅಂದು ಕಲ್ಲನ್ನು ಬೆಳ್ಳಗೆ ತೋರಿಸುತ್ತದೆ, ಆದರೆ ಒಳಗಿಳಿದ ಉಪ್ಪು ವರ್ಷಗಟ್ಟಲೆ ಹರಳುಗಟ್ಟುತ್ತ ಕಲ್ಲಿನ ಮೈಯನ್ನು ಒಡೆಯುತ್ತದೆ. ಹಳೆಯ ಕಲ್ಲು ಹೊಸದರಂತೆ ಹೊಳೆಯಬೇಕಾಗಿಯೂ ಇಲ್ಲ. ಓದಲು ಬಂದರೆ ಸಾಕು.

ಕಲ್ಲುಹೂವು ಕೆರೆದು ತೆಗೆಯಲೇ?

ಬೇಡ. ಅದು ಕಲ್ಲನ್ನು ಕಚ್ಚಿ ಹಿಡಿದಿರುತ್ತದೆ, ಕೆರೆದರೆ ಕಲ್ಲಿನ ಮೈಯೂ ಬರುತ್ತದೆ. ಅದಕ್ಕೂ ಒಂದು ಕಥೆಯಿದೆ. ಕಲ್ಲುಹೂವಿನ ಬಹಳಷ್ಟು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಹರಡುತ್ತವೆ. ಗೋರಿಕಲ್ಲಿನ ಮೇಲೆ ಇಸವಿ ಇರುವುದರಿಂದ ಅವು ಎಷ್ಟು ವರ್ಷದಲ್ಲಿ ಎಷ್ಟು ಅಗಲವಾದವು ಎಂದು ಲೆಕ್ಕ ಹಾಕಬಹುದು. ಆಸ್ಟ್ರಿಯದ ಸಸ್ಯವಿಜ್ಞಾನಿ ರೋಲಂಡ್ ಬೆಶೆಲ್ 1950ರ ಸುಮಾರಿಗೆ ಇದೇ ಲೆಕ್ಕವನ್ನು ಹಿಮನದಿಗಳು ಬಿಟ್ಟುಹೋದ ಬಂಡೆಗಳಿಗೆ ಅನ್ವಯಿಸಿ, ಹಿಮ ಯಾವಾಗ ಹಿಂದೆ ಸರಿಯಿತು ಎಂದು ಹೇಳುವ ದಾರಿ ತೋರಿಸಿದರು.

ವಾಲಿದ ಕಲ್ಲನ್ನು ನಾವೇ ನೆಟ್ಟಗೆ ಮಾಡಬಹುದೇ?

ದಯವಿಟ್ಟು ಬೇಡ. ಒಂದು ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಅಮೃತಶಿಲೆ ಸುಮಾರು 160 ಕಿಲೋ ತೂಗುತ್ತದೆ. ವಾಲಿದ ಕಲ್ಲು ಮಕ್ಕಳ ಮೇಲೆ ಬಿದ್ದು ಪ್ರಾಣ ಹೋದದ್ದಿದೆ. ತಿಳಿದವರು ಬಂದಾಗಲೂ ಬುಡಕ್ಕೆ ಕಾಂಕ್ರೀಟ್ ಸುರಿಯಲು ಬಿಡಬೇಡಿ. ಕಾಂಕ್ರೀಟಿನೊಳಗೆ ಬಿಗಿಯಾಗಿ ಸಿಕ್ಕ ತೆಳ್ಳನೆಯ ಕಲ್ಲು ನೆಲ ಅಲುಗಿದಾಗ ನೆಲದ ಮಟ್ಟಕ್ಕೇ ಮುರಿಯುತ್ತದೆ. ಜಲ್ಲಿ ಮತ್ತು ಮರಳಿನಲ್ಲಿ ಕೂರಿಸಿದರೆ ನೀರು ಬಸಿದುಹೋಗುತ್ತದೆ. ಸಂದುಗಳಿಗೆ ಸಿಮೆಂಟಿಗಿಂತ ಸುಣ್ಣದ ಗಾರೆ ಲೇಸು. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು, ಒಡೆಯುವುದಿದ್ದರೆ ಗಾರೆ ಒಡೆಯಲಿ.

ಯುದ್ಧದಲ್ಲಿ ಸತ್ತವರ ಕಲ್ಲುಗಳು ಎಲ್ಲ ಒಂದೇ ಥರ ಇವೆಯಲ್ಲ?

ಬ್ರಿಟನ್ ಮತ್ತು ಅದರ ಅಂದಿನ ಸಾಮ್ರಾಜ್ಯದ ಸೈನಿಕರದ್ದಾದರೆ ಅದು 1917ರಲ್ಲಿ ಹುಟ್ಟಿದ ಯುದ್ಧಸಮಾಧಿ ಆಯೋಗದ ಕಲ್ಲು. 813 ಮಿಲಿಮೀಟರ್ ಎತ್ತರ, 381 ಮಿಲಿಮೀಟರ್ ಅಗಲ, ದಳಪತಿಗೂ ಸಿಪಾಯಿಗೂ ಅದೇ ಅಳತೆ. ಬುಡದಲ್ಲಿ ಒಂದು ಸಾಲು ಬರೆಸಲು ಮನೆಯವರಿಗೆ ಅವಕಾಶವಿತ್ತು, 66 ಅಕ್ಷರದ ಮಿತಿಯಲ್ಲಿ. ಇಡೀ ಕಲ್ಲಿನಲ್ಲಿ ತಾಯಿಯ ದನಿ ಇರುವುದು ಆ ಒಂದು ಸಾಲಿನಲ್ಲಿ. ಹುಲ್ಲು ಬೆಳೆದು ಮೊದಲು ಮುಚ್ಚುವುದೂ ಅದನ್ನೇ. ಕೈಯಿಂದ ಹುಲ್ಲು ಸರಿಸಿ ಓದಿ.

ಕಲ್ಲಿನ ಮೇಲೆ ಬರೆದದ್ದೆಲ್ಲ ನಿಜ ಎಂದು ನಂಬಬಹುದೇ?

ಸಾಕ್ಷಿ ಎಂದು ನಂಬಿ, ತೀರ್ಪು ಎಂದಲ್ಲ. ಕೆತ್ತುವವನಿಗೆ ಚೀಟಿ ಬರೆದುಕೊಟ್ಟವರು ದುಃಖದಲ್ಲಿದ್ದವರು, ಕೆಲವೊಮ್ಮೆ ಸತ್ತು ವರ್ಷಗಳಾದ ಮೇಲೆ ನೆನಪಿನಿಂದ ಹೇಳಿದವರು. ವಯಸ್ಸು ತಪ್ಪುತ್ತದೆ, ಹೆಸರಿನ ಕಾಗುಣಿತ ತಪ್ಪುತ್ತದೆ. ಕಲ್ಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ದೇಹ ಅಲ್ಲಿದೆ ಎಂದೂ ಅಲ್ಲ. ಸಮುದ್ರದಲ್ಲಿ, ದೂರದ ಯುದ್ಧಭೂಮಿಯಲ್ಲಿ ಹೋದವರಿಗೂ ಮನೆಯವರ ಪಕ್ಕದಲ್ಲಿ ಕಲ್ಲು ಹಾಕಿಸಿದ್ದಾರೆ. ಹೂಳಿದವರ ರಿಜಿಸ್ಟರ್, ಗೋರಿಗಳ ನಕ್ಷೆ, ಮರಣಪತ್ರ, ಹಳೆಯ ಪತ್ರಿಕೆ, ಮನೆಯ ಬೈಬಲ್ಲಿನ ಮೊದಲ ಪುಟ, ಇವುಗಳ ಪಕ್ಕದಲ್ಲಿಟ್ಟು ಕಲ್ಲನ್ನು ಓದಬೇಕು. 1995ರಲ್ಲಿ ಶುರುವಾದ ಫೈಂಡ್ ಎ ಗ್ರೇವ್‌ನಂಥ ಜಾಲತಾಣಗಳು ಹುಡುಕಾಟ ಶುರುಮಾಡಲು ಒಳ್ಳೆಯವು. ಫೋಟೊ ಇರುವ ಪುಟಕ್ಕೂ ಇಲ್ಲದ ಪುಟಕ್ಕೂ ಒಂದೇ ತೂಕ ಕೊಡಬೇಡಿ.

ನಮ್ಮ ಬಳಿ ಇರುವುದು ಒಂದೇ ದಿನ. ದಾಖಲೆ ಎಲ್ಲಿಂದ ಶುರು ಮಾಡಬೇಕು?

ಬಿಳಿ ಅಮೃತಶಿಲೆಯಿಂದ. ಸ್ಲೇಟ್ ಇನ್ನೂ ನೂರು ವರ್ಷ ಕಾಯುತ್ತದೆ, ಗ್ರಾನೈಟ್ ಅದಕ್ಕಿಂತ ಹೆಚ್ಚು ಕಾಯುತ್ತದೆ. ಅಮೃತಶಿಲೆ ಕಾಯುವುದಿಲ್ಲ. ಅದರ ಜೊತೆಗೆ ಮುಖ ಉಬ್ಬಿದ ಮರಳುಗಲ್ಲುಗಳನ್ನೂ ಸೇರಿಸಿಕೊಳ್ಳಿ. ಪ್ರತಿ ಕಲ್ಲಿಗೆ ಮೂರು ಫೋಟೊ: ಮುಖ, ಹಿಂಬದಿ, ಮತ್ತು ಅಕ್ಕಪಕ್ಕದ ಗೋರಿಗಳು ಕಾಣುವಂತೆ ದೂರದಿಂದ ಒಂದು. ಹಿಂಬದಿಯಲ್ಲಿ ಕೆಲವೊಮ್ಮೆ ಎರಡನೆಯ ಹೆಸರೇ ಇರುತ್ತದೆ, ಬುಡದಲ್ಲಿ ಕೆತ್ತಿದವನ ಗುರುತು ಇರುತ್ತದೆ.

ಬರಹವನ್ನು ಸಾಲು ಸಾಲಾಗಿ, ಸಾಲು ಮುರಿದಲ್ಲೇ ಮುರಿದು, ತಪ್ಪಿದ್ದರೆ ತಪ್ಪಿನ ಸಮೇತ ಬರೆದುಕೊಳ್ಳಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಡಿ, ಊಹಿಸಿದ್ದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಸಾಲಿನ ನಂಬರು, ಸಾಲಿನಲ್ಲಿ ಎಷ್ಟನೆಯದು ಎಂಬುದನ್ನು ಮರೆಯಬೇಡಿ, ಯಾರ ಪಕ್ಕ ಯಾರು ಎಂಬುದು ಅರ್ಧ ವಂಶಾವಳಿ. ಒಂದು ಪ್ರತಿ ಸ್ಮಶಾನದ ಕಚೇರಿಗೆ, ಒಂದು ಊರ ಗ್ರಂಥಾಲಯಕ್ಕೆ ಕೊಡಿ. ಸಂಜೆ ಹೊರಡುವ ಮುನ್ನ ಬೆಳಕು ಇನ್ನೂ ಇದ್ದರೆ, ಬೆಳಗ್ಗೆ ಓದಲಾಗದೆ ಬಿಟ್ಟ ಕಲ್ಲುಗಳ ಹತ್ತಿರ ಇನ್ನೊಮ್ಮೆ ಹೋಗಿ ನೋಡಿ. ಅಷ್ಟರಲ್ಲಿ ಬಿಸಿಲು ಬೇರೆ ಕಡೆಯಿಂದ ಬೀಳುತ್ತಿರುತ್ತದೆ.